ಬಾಯ್ಲರ್ ಒತ್ತಡ ಎಷ್ಟು ಅಂತ ಕೇಳಿದಿರಾ?

ಜಿಲ್ಲಾ ಪುಟದ ‘ಗ್ರಾಮೀಣ ಪ್ರತಿಭೆ’ ಸುದ್ದಿಗೆ ಒಂದು ಅಚ್ಚು ಇದೆ, ನಮಗೆಲ್ಲ ಗೊತ್ತಿರುವುದೇ. ಹುಡುಗ ಗುಜರಿ ಸಾಮಾನಿನಲ್ಲಿ ಏನೋ ಮಾಡಿದ್ದಾನೆ, ಯಾರ ಹತ್ತಿರವೂ ಕಲಿತಿಲ್ಲ, ಖರ್ಚು ಇಷ್ಟು, ಸರ್ಕಾರ ಪ್ರೋತ್ಸಾಹಿಸಬೇಕು. ಡ್ರೋನಿಗೂ ಅದೇ ಕಾಪಿ, ಕಳೆ ತೆಗೆಯುವ ಯಂತ್ರಕ್ಕೂ ಅದೇ ಕಾಪಿ. ಹೋಗಲಿ. ಆದರೆ ನೀರು ಕಾಯಿಸಿ ಉಗಿಯಿಂದಲೇ ಓಡುವ ಪುಟ್ಟ ರೈಲು ಎಂಜಿನ್ನನ್ನು ಯಾರಾದರೂ ಮಾಡಿದಾಗ ಆ ಅಚ್ಚನ್ನು ದಯವಿಟ್ಟು ಪಕ್ಕಕ್ಕಿಡಿ. ಅಲ್ಲಿ ನಮ್ಮ ಹೊಗಳಿಕೆಯಿಂದ ಯಾರದೋ ಮುಖ ಸುಡಬಹುದು.

‘ಲೈವ್ ಸ್ಟೀಮ್’ ಅಂದರೆ ಒಳಗೆ ಮೋಟರ್ ಇಟ್ಟು ಮೇಲೆ ಹೊಗೆ ಬಿಡಿಸುವ ಆಟಿಕೆಯಲ್ಲ. ನಿಜವಾದ ಬೆಂಕಿ, ನಿಜವಾದ ಬಾಯ್ಲರ್, ಸಿಲಿಂಡರಿನಲ್ಲಿ ಪಿಸ್ಟನ್ ತಳ್ಳುವ ನಿಜವಾದ ಉಗಿ. ಇಂಗ್ಲೆಂಡಿನಲ್ಲಿ ಇದು ನೂರು ವರ್ಷ ದಾಟಿದ ಹವ್ಯಾಸ. ಹಳಿಯ ಅಗಲ ಮೂರೂವರೆ ಇಂಚು, ಐದು ಇಂಚು, ಏಳೂಕಾಲು ಇಂಚು ಹೀಗೆ. ಐದು ಇಂಚಿನ ಎಂಜಿನ್ ಹಿಂದೆ ದೊಡ್ಡವರೇ ಸಾಲಾಗಿ ಕೂತು ಸವಾರಿ ಹೋಗುತ್ತಾರೆ.

ಈಗ ಅಡುಗೆಮನೆಗೆ ಬನ್ನಿ. ಕುಕ್ಕರಿನ ವಿಷಲ್ ಹಾರುವಾಗ ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್, ಉಷ್ಣತೆ ಸುಮಾರು 120 ಡಿಗ್ರಿ. ಈ ಪುಟ್ಟ ಎಂಜಿನ್ನುಗಳು ಸಾಮಾನ್ಯವಾಗಿ ಓಡುವುದು 80ರಿಂದ 100 ಪೌಂಡಿನಲ್ಲಿ. 80 ಪೌಂಡಿನಲ್ಲಿ ನೀರು 160 ಡಿಗ್ರಿ ದಾಟಿರುತ್ತದೆ, ಆದರೂ ನೀರಾಗಿಯೇ ಇರುತ್ತದೆ. ಪಾತ್ರೆ ಬಿರಿದರೆ ಅದರ ಹತ್ತರಲ್ಲೊಂದು ಪಾಲು ಆ ಕ್ಷಣವೇ ಉಗಿಯಾಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಉಗಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಹತ್ತರಲ್ಲೊಂದು ಪಾಲೇ ಸಾಕು.

ಅದಕ್ಕೇ ಬೆಸುಗೆ ಯಾವುದು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ರೇಡಿಯೊ ರಿಪೇರಿ ಅಂಗಡಿಯ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಅದಕ್ಕೆ ಮೊದಲೇ ಬಲ ಕಳೆದುಕೊಂಡಿರುತ್ತದೆ. ನೀರು 160ರಲ್ಲಿದ್ದಾಗ ಅಂಥ ಜೋಡಣೆಯನ್ನು ನಂಬಿ ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೊ ತೆಗೆಯುತ್ತೇವಾ? ತಿಳಿದವರು ತಾಮ್ರದ ಹಾಳೆ ಬಾಗಿಸಿ, 600 ಡಿಗ್ರಿ ದಾಟಿದ ಮೇಲೆ ಕರಗುವ ಬೆಳ್ಳಿ ಬೆಸುಗೆ ಹಾಕುತ್ತಾರೆ. ಹಿತ್ತಾಳೆ ಹೊಳೆಯುತ್ತದೆ, ಫೋಟೊಗೆ ಚೆನ್ನ. ಆದರೆ ಬಿಸಿನೀರಿನಲ್ಲಿ ಕಾಲಕ್ರಮೇಣ ಅದರೊಳಗಿನ ಸತು ಕರಗಿ ಲೋಹ ಟೊಳ್ಳಾಗುತ್ತದೆ.

ಆಮೇಲೆ ಪರೀಕ್ಷೆ. ನನಗೆ ಈ ಹವ್ಯಾಸದಲ್ಲಿ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ. ಹೊಸ ಬಾಯ್ಲರಿಗೆ ಮೊದಲು ಬೆಂಕಿ ತೋರಿಸುವುದೇ ಇಲ್ಲ. ಒಂದಿಷ್ಟೂ ಗಾಳಿ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಏರಿಸಿ ನೋಡುತ್ತಾರೆ. ತಣ್ಣೀರೇ ಯಾಕೆ? ನೀರು ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ಆದ್ದರಿಂದ ಜೋಡಣೆ ಬಿಟ್ಟರೆ ಸಿಡಿಯುವುದಿಲ್ಲ, ಸೋರುತ್ತದೆ ಅಷ್ಟೆ. ಗೇಜಿನ ಮುಳ್ಳು ದಡಕ್ಕನೆ ಬೀಳುತ್ತದೆ, ಕೈ ಮುಖ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಹವ್ಯಾಸಿ ಸಂಘಗಳೇ ಇದಕ್ಕೆ ನಿಯಮಾವಳಿ ಬರೆದುಕೊಂಡಿವೆ. ಸಂಘದ ಪರೀಕ್ಷಕ ಸಹಿ ಹಾಕಿದ ಪತ್ರವಿಲ್ಲದ ಎಂಜಿನ್ನಿಗೆ ಅವರ ಹಳಿಯ ಮೇಲೆ ಜಾಗವಿಲ್ಲ.

ನಮ್ಮಲ್ಲಿ? ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕ ಪಾತ್ರೆಯನ್ನು ಬಾಯ್ಲರ್ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪುಟ್ಟ ಎಂಜಿನ್ನುಗಳು ಬಹುತೇಕ ಅದರೊಳಗೇ ಬರುತ್ತವೆ. ಅಂದರೆ ಇನ್‌ಸ್ಪೆಕ್ಟರ್ ಬರುವುದಿಲ್ಲ, ಪರೀಕ್ಷೆ ಮಾಡುವ ಸಂಘ ಊರಲ್ಲಿಲ್ಲ. ಹುಡುಗನ ಮನೆಗೆ ಹೋಗಿ ಪ್ರಶ್ನೆ ಕೇಳುವ ಹೊರಗಿನವರು ಅಂದರೆ ವರದಿಗಾರರೊಬ್ಬರೇ. ಅವರೂ ಖರ್ಚು ಮಾತ್ರ ಕೇಳಿ ಬಂದರೆ ಹೇಗೆ?

‘ಯಾರ ಹತ್ತಿರವೂ ಕಲಿಯದೆ’ ಅನ್ನುವ ಸಾಲಿಗೂ ನನ್ನ ತಕರಾರಿದೆ. ಅದನ್ನು ನಾವು ಕಿರೀಟದ ಹಾಗೆ ತೊಡಿಸುತ್ತೇವೆ. ಈ ಹವ್ಯಾಸ ಬೆಳೆದದ್ದೇ ಅದರ ತದ್ವಿರುದ್ಧ ದಾರಿಯಲ್ಲಿ. 1898ರಲ್ಲಿ ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರು ಮಾಡಿದರು. 1920ರ ದಶಕದಿಂದ ಅದರಲ್ಲಿ ಬರೆದವರು ‘ಎಲ್‌ಬಿಎಸ್‌ಸಿ’. ಹಿಂದೆ ತಾನು ದುಡಿದಿದ್ದ ರೈಲ್ವೆ ಕಂಪನಿಯ ಮೊದಲಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡ ಮನುಷ್ಯ. ಸಣ್ಣ ಎಂಜಿನ್ನಿಗೆ ಕಲ್ಲಿದ್ದಲು ಹೊಂದುವುದಿಲ್ಲ, ಸ್ಪಿರಿಟ್ ದೀಪವೇ ಸರಿ ಅನ್ನುವವರು ಆಗ ದೊಡ್ಡ ಹೆಸರಿನವರು. ಎಲ್‌ಬಿಎಸ್‌ಸಿ ಬರೀ ವಾದ ಮಾಡಲಿಲ್ಲ, ಎರಡೂವರೆ ಇಂಚು ಹಳಿಯ ‘ಆಯೇಷಾ’ ಎಂಬ ಎಂಜಿನ್ ಕಟ್ಟಿ, ಕಲ್ಲಿದ್ದಲು ಹಾಕಿ, ಜನರನ್ನು ಎಳೆಸಿ ತೋರಿಸಿದರು. ಆಮೇಲೆ ದಶಕಗಳ ಕಾಲ ಕಂತು ಕಂತಾಗಿ ಬರೆದರು: ಯಾವ ತೂತು ಎಷ್ಟು, ಬೆಸುಗೆಗೆ ಮುಂಚೆ ಏನು ತೊಳೆಯಬೇಕು, ಯಾವುದನ್ನು ಮೊದಲು ಜೋಡಿಸಬೇಕು. ಹೊಸಬರಿಗೆಂದೇ ಅವರು ಮಾಡಿದ ‘ಟಿಚ್’ ವಿನ್ಯಾಸವನ್ನು ಹಿಡಿದು ಇವತ್ತಿಗೂ ಜನ ಕಟ್ಟುತ್ತಾರೆ. ಅದೂ ಪತ್ರಿಕೋದ್ಯಮವೇ ಅಲ್ಲವಾ? ನಾವು ಕೃಷಿ ಪುಟದಲ್ಲಿ ಕಸಿ ಕಟ್ಟುವುದಕ್ಕೋ ಜೇನು ಪೆಟ್ಟಿಗೆಗೋ ಅಂಥ ಬರಹ ಕೊಡುತ್ತೇವೆ, ಲೇತ್ ಕೆಲಸದವನಿಗೆ ಮಾತ್ರ ‘ಸಾಧನೆ’ ಅನ್ನುವ ಪದ ಕೊಟ್ಟು ಕಳಿಸುತ್ತೇವೆ.

ಇದು ದುಡ್ಡಿದ್ದವರ ಶೋಕಿ ಅನ್ನುವವರಿದ್ದಾರೆ. ತಾಮ್ರದ ಬೆಲೆ ನೋಡಿದರೆ ಪೂರ್ತಿ ಸುಳ್ಳಲ್ಲ. ಆದರೆ ತಾಲ್ಲೂಕು ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕಲಿಯುವ ಹುಡುಗರಿಗೆ ಇದರಲ್ಲಿ ಹೊಸ ಕೆಲಸ ಯಾವುದೂ ಇಲ್ಲ, ಬೆಳ್ಳಿ ಬೆಸುಗೆ ಒಂದನ್ನು ಬಿಟ್ಟರೆ.

ನಮ್ಮ ಬ್ರಾಡ್‌ಗೇಜ್ ಹಳಿಗಳಲ್ಲಿ ಉಗಿ ಎಂಜಿನ್ನಿನ ಓಡಾಟ ನಿಂತದ್ದು 1995ರಲ್ಲಿ. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ತಣ್ಣಗೆ ನಿಂತ ಎಂಜಿನ್ ನೋಡಿದ ಹುಡುಗ ಅದರ ಚಕ್ರ ಅಳೆಯಬಹುದು, ಒಳಗಿನ ಭಯ ಅವನಿಗೆ ತಿಳಿಯುವುದಿಲ್ಲ. ತಿಳಿದವರು ಇನ್ನೂ ಇದ್ದಾರೆ. ಹುಬ್ಬಳ್ಳಿ, ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳಿಂದ ನಿವೃತ್ತರಾದ ಹಿರಿಯರಲ್ಲಿ ಒಬ್ಬರಿಗೆ ಫೋನ್ ಮಾಡಿ, ಹುಡುಗನ ಬಾಯ್ಲರಿನ ಫೋಟೊ ಕಳಿಸಿ. ಶಾಸಕರ ಅಭಿನಂದನೆಗಿಂತ ಅವರ ಒಂದು ಮಾತು ಕಾಪಿಗೆ ಹೆಚ್ಚು ತೂಕ.

ಸೇಫ್ಟಿ ವಾಲ್ವ್ ಎಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ, ತಣ್ಣೀರು ಪರೀಕ್ಷೆ ಎಷ್ಟಕ್ಕೆ ಆಯಿತು, ಆಗ ಜೊತೆಗೆ ಯಾರಿದ್ದರು ಅಂತ ಕೇಳಿ ಬರೆಯಿರಿ. ಡೆಸ್ಕಿನವರು ನೂರೈವತ್ತು ಪದಕ್ಕೆ ಕತ್ತರಿಸುತ್ತೇವೆ ಅಂದರೆ ಖರ್ಚಿನ ಸಾಲು ಬಿಟ್ಟುಕೊಡಿ, ಒತ್ತಡದ ಸಾಲಿಗೆ ಜಗಳ ಆಡಿ.