ದಾದಿಯರಿಗೆ ಈ ವಿದ್ಯೆಯನ್ನೂ ಕಲಿಸಲಿ



ಕೆಮ್ಮು, ಎದೆನೋವೆಂದು ಆಸ್ಪತ್ರೆ ಸೇರಿದ ಕೂಲಿಕಾರನಿಗೆ ಡಾಕ್ಟರರು ದಿನಕ್ಕೆ ಕೆಲವೇ ನಿಮಿಷ ಸಿಕ್ಕಾರು. ಹಗಲಿರುಳು ಹಾಸಿಗೆಯ ಬಳಿ ಇರುವವರು ದಾದಿಯರು. ಬೀಡಿ ಬಿಡಿಸುವ ಕೆಲಸಕ್ಕೆ ಅವರಿಗಿಂತ ತಕ್ಕವರು ಯಾರು? ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆಗೆ ಹೋದ ಧೂಮಪಾನಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಬಿಡುವಂತೆ ಸಲಹೆ ದೊರೆತಿತ್ತು.

ಸಲಹೆ ಹೇಳುವುದಕ್ಕೂ ತರಬೇತಿ ಬೇಕು. ಗದರಿಸಿದರೆ ರೋಗಿ ಬೀಡಿಯನ್ನು ದಿಂಬಿನಡಿ ಬಚ್ಚಿಡುತ್ತಾನೆ, ಅಷ್ಟೆ. ಕಲಿಯಬೇಕಾದ ಕ್ರಮ ಐದು: ಪ್ರತಿಯೊಬ್ಬ ರೋಗಿಯನ್ನೂ ಕೇಳಿ ಬರೆದುಕೊಳ್ಳುವುದು, ಬಿಡಬೇಕೆಂದು ಸ್ಪಷ್ಟವಾಗಿ ಹೇಳುವುದು, ಅವನ ಮನಸ್ಸು ತಿಳಿಯುವುದು, ಬಿಡುವ ದಿನ ಗೊತ್ತುಮಾಡಿ ನೆರವಾಗುವುದು, ಮನೆಗೆ ಹೋದ ಮೇಲೂ ವಿಚಾರಿಸುವುದು. ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ, ನಿದ್ರಾಭಂಗ ಸಹಜ. ಉಕ್ಕಿದ ಆಸೆ ಕೆಲವು ನಿಮಿಷ ತಡೆದರೆ ತಗ್ಗುತ್ತದೆ. ಇದನ್ನು ಮೊದಲೇ ತಿಳಿಸಿದರೆ ರೋಗಿ ಹೆದರಿ ಹಿಂದಿರುಗುವುದಿಲ್ಲ. ನಿಕೋಟಿನ್ ಗಮ್ಮನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಅದನ್ನು ಬಳಸುವ ಬಗೆಯೂ ದಾದಿಗೆ ಗೊತ್ತಿರಬೇಕು. ಸರ್ಕಾರದ ಉಚಿತ ಫೋನ್ 1800-11-2356ರಲ್ಲಿ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ.

ಕಾಸರಗೋಡಿನ ನಮಗೆ ಇನ್ನೊಂದು ಮಾತುಂಟು. ಮಂಜೇಶ್ವರ, ಕುಂಬಳೆಯ ರೋಗಿಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಕಾಗದ ಕೊಟ್ಟರೆ ಸಾಲದು. ಮನಸ್ಸು ತೆರೆಯುವುದು ಮನೆಮಾತಿನಲ್ಲಿ. ತರಬೇತಿಯ ಪಾಠವೂ ಹಂಚುವ ಕಾಗದವೂ ಕನ್ನಡದಲ್ಲಿಯೂ ಇರಲಿ.

ದಾದಿಯರೂ ದುಡಿಯುವ ವರ್ಗದವರೇ. ರಾತ್ರಿ ಪಾಳಿ ಮುಗಿಸಿದವರನ್ನು ತರಗತಿಯಲ್ಲಿ ಕೂರಿಸುವುದು ನ್ಯಾಯವಲ್ಲ. ತರಬೇತಿ ಕೆಲಸದ ವೇಳೆಯಲ್ಲಿ, ಸಂಬಳ ಸಹಿತ ನಡೆಯಲಿ.

ಬೀಡಿ ಬಿಡಿಸಿದರೆ ಬೀಡಿ ಕಟ್ಟುವ ನಮ್ಮ ತಾಯಂದಿರ ಗಂಜಿಗೆ ಕಲ್ಲು ಬೀಳದೇ ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ. ಆದರೆ ಕಟ್ಟುವವಳ ಗಂಡನೂ ಮಗನೂ ಅದೇ ಹೊಗೆಯಿಂದ ಉಸಿರು ಕಳೆದುಕೊಂಡರೆ ಆ ಕೂಲಿಯಲ್ಲಿ ಉಳಿಯುವುದೇನು? ಒಬ್ಬನ ಕಾಯಿಲೆಯ ಮೇಲೆ ಇನ್ನೊಬ್ಬರ ಅನ್ನ ನಿಲ್ಲಬಾರದು. ಆ ತಾಯಂದಿರಿಗೆ ಬೇರೆ ಕಸುಬನ್ನೂ, ಅದು ದೊರೆಯುವ ತನಕ ನ್ಯಾಯವಾದ ಕೂಲಿಯನ್ನೂ ಕೇಳುವುದು ಸಂಘದ ಹೊಣೆ. ಎರಡು ಬೇಡಿಕೆಗಳನ್ನೂ ಒಂದೇ ಮನವಿಯಲ್ಲಿ ಬರೆಯೋಣ.

ಬೇತ್ಸಥಾ ಕೊಳದ ಬಳಿ 38 ವರ್ಷ ನರಳಿದವನನ್ನು ಕರ್ತನು ಗದರಿಸಲಿಲ್ಲ. ಸ್ವಸ್ಥನಾಗುವ ಮನಸ್ಸಿದೆಯೇ ಎಂದು ಮೊದಲು ವಿಚಾರಿಸಿದನು. ಹಾಗೆ ಕೇಳಬಲ್ಲ ದಾದಿಯೊಬ್ಬಳು ಪ್ರತಿ ವಾರ್ಡಿನಲ್ಲಿ ಇರುವಂತಾಗಲಿ.