ಒಮ್ಮೆ ಬಣ್ಣ, ಒಮ್ಮೆ ಪಗಾರ

ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಟಿವಿ ಮುಂದೆ ಕುಳಿತರೆ ನಿನ್ನೆ ರಾತ್ರಿಯ ಧಾರಾವಾಹಿಯೇ ಮತ್ತೆ. ಮೊನ್ನೆ ನಮ್ಮತ್ತಿ ಕೇಳಿದ್ರು, "ಅಲ್ಲವಾ, ಮತ್ತ ತೋರಿಸಿದ್ರ ಆ ಹುಡುಗಿಗೆ ಮತ್ತ ರೊಕ್ಕ ಬರತೈತೇನ?"

"ಬರಬೇಕ್ರಿ" ಅಂದೆ. ಬೆಂಗಳೂರಿನಲ್ಲಿ ಸಣ್ಣಪುಟ್ಟ ಪಾತ್ರ ಮಾಡುವ ನನ್ನ ತಮ್ಮ ಫೋನಿನಲ್ಲಿ ನಕ್ಕುಬಿಟ್ಟ. "ಇಲ್ಲಕ್ಕಾ, ಬಣ್ಣ ಹಚ್ಚಿದ ದಿನಕ್ಕಷ್ಟ ಪಗಾರ."

ವಾಹಿನಿ ನಿರ್ಮಾಪಕರಿಗೆ ಕಂತಿಗೆ ಇಷ್ಟು ಎಂದು ಕೊಡುತ್ತದಂತೆ. ಶೂಟಿಂಗ್ ಮನೆಯ ಬಾಡಿಗೆ, ಕ್ಯಾಮೆರಾ, ಲೈಟು, ಊಟ, ನಟರ ಸಂಭಾವನೆ ಎಲ್ಲ ಅದರಲ್ಲೇ ತೂಗಬೇಕು. ಹಕ್ಕು ಸಾಮಾನ್ಯವಾಗಿ ವಾಹಿನಿಯದು. ಮುಂದೆ ಎಷ್ಟು ಸಲ ತೋರಿಸಿದರೂ, ಬೇರೆ ಭಾಷೆಗೆ ಕೊಟ್ಟರೂ ಲಾಭ ಅಲ್ಲಿಗೇ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡ ಮಾತಾಡಿತು. ಸ್ಟಾರ್ ಬಳಗದ ಹಿಂದಿ ವಾಹಿನಿಯಲ್ಲೇ 2013ರಲ್ಲಿ ಶುರುವಾಗಿದ್ದದ್ದು. ಅರಮನೆ, ರಥ, ಯುದ್ಧದ ಖರ್ಚು ಆಗಲೇ ಮುಗಿದಿತ್ತು. ಇಲ್ಲಿ ಬೇಕಾದದ್ದು ಮಾತು ಬರೆಯುವವರು, ದನಿ ಕೊಡುವವರು, ಧ್ವನಿ ಜೋಡಿಸುವವರು ಅಷ್ಟೇ. ಅಂಥ ವೈಭವದ ಎದುರು ನಮ್ಮ ನಾಲ್ಕು ಗೋಡೆಯ ಧಾರಾವಾಹಿ ನಿಲ್ಲಬೇಕು. ನೋಡುವವರಿಗೆ ಎರಡೂ ಒಂದೇ ರಿಮೋಟಿನಲ್ಲಿ ಸಿಗುತ್ತವೆ, ದುಡಿಯುವವರಿಗೆ ಹಾಗಲ್ಲ.

ಅಮೆರಿಕದಲ್ಲಿ ಹಳೆಯ ಧಾರಾವಾಹಿಗಳನ್ನು ಊರೂರಿನ ಕೇಂದ್ರಗಳಿಗೆ ಮಾರುವುದೇ ದೊಡ್ಡ ವ್ಯಾಪಾರ. ಅಲ್ಲಿ ಮರುಪ್ರಸಾರಕ್ಕೂ ನಟರಿಗೆ ಪಾಲು ಇದೆ. ಅದೇನು ಸುಮ್ಮನೆ ಬಂದದ್ದಲ್ಲ. ಟಿವಿಗೆ ಮಾರಿದ ಸಿನಿಮಾಗಳಲ್ಲಿ ಪಾಲು ಕೇಳಿ 1960ರಲ್ಲಿ ಹಾಲಿವುಡ್ ನಟರು ಕೆಲಸವನ್ನೇ ನಿಲ್ಲಿಸಿದ್ದರು. ಆಗ ಅವರ ಸಂಘದ ಮುಂದಾಳು, ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ನಮ್ಮಲ್ಲೂ 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ ಕಲಾವಿದರ ರಾಯಧನದ ಮಾತಿದೆ. ಆದರೆ ಕಾನೂನಿನ ಪುಸ್ತಕದಿಂದ ನಟನ ಕಿಸೆಯವರೆಗಿನ ದಾರಿ ದೂರ.

ನಮ್ಮದು ಕುಲಗೋಡ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನವರ ಊರು. ಪಾರಿಜಾತದವರಿಗೆ ಪ್ರತಿ ಆಟಕ್ಕೂ ಹೊಸದಾಗಿ ಎಲಿ-ಅಡಿಕೆ ಕೊಟ್ಟು ಕರೆಯಬೇಕು. ಸತ್ಯಭಾಮೆ ಮತ್ತೆ ಮುನಿಯಬೇಕಾದರೆ ಕಲಾವಿದರು ಮತ್ತೆ ಬರಲೇಬೇಕು. ಟಿವಿಯಲ್ಲಿ ಹಾಗಲ್ಲ, ಒಮ್ಮೆ ಅತ್ತವಳನ್ನು ನೂರು ಸಲ ಅಳಿಸಬಹುದು, ಒಂದೇ ಪಗಾರದಲ್ಲಿ.

ತಮ್ಮನಿಗೆ ಹೊಸ ಧಾರಾವಾಹಿಯ ಕರಾರು ಬಂದಿದೆ, ಈ ವಾರವೇ ಸಹಿ. ಇದನ್ನೆಲ್ಲ ಕೇಳಿಸಿಕೊಂಡ ಅತ್ತಿ ಅಂದ್ರು, "ಹೊಲದ ಕಾಗದಕ್ಕ ಹೆಬ್ಬಟ್ಟು ಒತ್ತೂ ಮುಂದ ನಾಕ ಮಂದಿ ಕಡೆ ಓದಸ್ತೀವಿಲ್ಲೋ? ಅವಂಗೂ ಓದಸಂತ ಹೇಳು."

ರಾತ್ರಿಯೇ ಫೋನ್ ಮಾಡಿ ಹೇಳಿದೆ.