ದೂರದ ಬೆಟ್ಟದ ದಾರಿ

‘ದೂರದ ಬೆಟ್ಟ ನುಣ್ಣಗೆ’ ಎಂದ ನಮ್ಮ ಹಿರಿಯರು ಬೆಟ್ಟದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡವರಲ್ಲ. ಆದರೂ ಚಿತ್ರದುರ್ಗದ ಕಡೆಗೋ ಗದಗದ ಕಡೆಗೋ ಪ್ರಯಾಣ ಮಾಡುವವರಿಗೆ ಆ ಗಾದೆ ಇಂದು ಹೊಸದೊಂದು ಅರ್ಥವನ್ನು ಹೇಳುವಂತಿದೆ. ಸಾಲಾಗಿ ನಿಂತ ಬಿಳಿಯ ಕಂಬಗಳು, ಸಾವಕಾಶವಾಗಿ ಸುತ್ತುವ ರೆಕ್ಕೆಗಳು, ಹೊಗೆಯಿಲ್ಲ, ಬೂದಿಯಿಲ್ಲ. ನೋಡಿದವರೆಲ್ಲ ಮೆಚ್ಚುತ್ತಾರೆ. ಇಷ್ಟು ದೊಡ್ಡ ಯಂತ್ರ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆಂದು ಕೇಳುವವರು ಮಾತ್ರ ವಿರಳ.

ಏರಿದ್ದು ರಸ್ತೆಯಿಂದ. ಈಗಿನ ಯಂತ್ರದ ಒಂದೊಂದು ರೆಕ್ಕೆ 50 ಮೀಟರನ್ನು ಮೀರುವುದು ಸಾಮಾನ್ಯ. ಅದನ್ನು ಬಹುಮಟ್ಟಿಗೆ ಅಖಂಡವಾಗಿಯೇ ಸಾಗಿಸಬೇಕು. ಆದುದರಿಂದ ದಾರಿಯ ತಿರುವುಗಳು ವಿಶಾಲವಾಗಿರಬೇಕು, ಏರು ಮೃದುವಾಗಿರಬೇಕು. ರೆಕ್ಕೆಯ ಹಿಂದೆಯೇ ನೂರಾರು ಟನ್ ತೂಕದ ಕ್ರೇನು ಬರಬೇಕು. ಅದು ನಿಲ್ಲಲು ಪ್ರತಿ ಕಂಬದ ಬಳಿಯೂ ಸಮತಟ್ಟಾದ ಅಂಗಳ ಬೇಕು. ಇದಕ್ಕೆ ಹಳೆಯ ಗಾಡಿಜಾಡು ಸಾಲದು. ಬೆಟ್ಟದ ಒಂದು ಮಗ್ಗುಲನ್ನು ಕಡಿಯಬೇಕಾಗುತ್ತದೆ. ಕಡಿದ ಮಣ್ಣನ್ನು ಮತ್ತೊಂದು ಮಗ್ಗುಲಿಗೆ ತಳ್ಳಿಬಿಡುವುದು ಸುಲಭ. ಹುಲ್ಲಿನ ಬೇರುಗಳ ನಡುವೆ ಹನಿಹನಿಯಾಗಿ ಇಂಗುತ್ತಿದ್ದ ಮಳೆನೀರು ಆಮೇಲೆ ರಸ್ತೆಯ ಚರಂಡಿಯಲ್ಲಿ ಒಟ್ಟುಗೂಡಿ ಧುಮುಕತೊಡಗುತ್ತದೆ.

ಇದರ ಪರಿಣಾಮವೆಷ್ಟು ಘೋರವಾಗಬಹುದೆಂಬುದಕ್ಕೆ ಐರ್ಲೆಂಡಿನ ಗಾಲ್ವೇ ಪ್ರಾಂತ್ಯದ ಡೆರಿಬ್ರೈನ್ ಸಾಕ್ಷಿ. ಅಲ್ಲಿನ ಬೆಟ್ಟದ ಮೇಲ್ಪದರವೆಲ್ಲ ‘ಪೀಟ್’ ಎಂಬ ಮಣ್ಣು. ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ನೀರು ಕುಡಿದು ಕುಳಿತಿರುವ ಸಸ್ಯರಾಶಿ. ಅದನ್ನು ಬುಡದವರೆಗೆ ಅಗೆಯದೆ, ಮೇಲೆಯೇ ಕಲ್ಲು ಹಾಸಿ ನಿರ್ಮಿಸುವ ದಾರಿಗೆ ‘ತೇಲುವ ರಸ್ತೆ’ ಎಂದು ಹೆಸರು. 71 ಯಂತ್ರಗಳನ್ನು ನಿಲ್ಲಿಸಲು ಇಂತಹ ರಸ್ತೆಗಳೂ ಅಗೆತಗಳೂ ನಡೆದಿದ್ದಾಗ, 2003ರ ಅಕ್ಟೋಬರಿನಲ್ಲಿ, ಬೆಟ್ಟವೇ ಜಾರಿತು. ಸುಮಾರು 4.5 ಲಕ್ಷ ಘನ ಮೀಟರ್ ಮಣ್ಣು ಕದಲಿತು. ಕೆಸರು ಹಳ್ಳಕ್ಕೆ ಇಳಿದು ನದಿಯನ್ನು ಸೇರಿ ಸಹಸ್ರಾರು ಮೀನುಗಳನ್ನು ಕೊಂದಿತು. ಮನುಷ್ಯರ ಪ್ರಾಣ ಹೋಗದಿದ್ದುದು ಪುಣ್ಯ.

ವ್ಯಾಜ್ಯ ಯೂರೋಪಿನ ನ್ಯಾಯಾಲಯಕ್ಕೆ ಹೋಯಿತು. ಮೊದಲ ಅನುಮತಿ ಕೊಟ್ಟ ಕಾಲದಲ್ಲಿ ಪರಿಸರ ಪರೀಕ್ಷೆಗೊಳಪಡುವ ಕಾಮಗಾರಿಗಳ ಪಟ್ಟಿಯಲ್ಲಿ ಗಾಳಿಯಂತ್ರದ ಹೆಸರೇ ಇರಲಿಲ್ಲವೆಂಬ ವಾದವೂ ಬಂದಿತು. ನಿಜ, ಇರಲಿಲ್ಲ. ಆದರೆ ಪೀಟ್ ತೆಗೆಯುವುದೂ ರಸ್ತೆ ಮಾಡುವುದೂ ಅದೇ ಪಟ್ಟಿಯಲ್ಲಿದ್ದುವು. ಅವೆರಡೂ ಇಲ್ಲದೆ ಯಂತ್ರ ನಿಲ್ಲದೆಂದಮೇಲೆ ಪರೀಕ್ಷೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು 2008ರಲ್ಲಿ ತೀರ್ಪಾಯಿತು. ತಪ್ಪನ್ನು ಸರಿಪಡಿಸದ ಕಾರಣ 2019ರಲ್ಲಿ ಐರ್ಲೆಂಡಿಗೆ 50 ಲಕ್ಷ ಯೂರೋ ದಂಡ ಬಿದ್ದಿತು. ಸರಿಪಡಿಸುವವರೆಗೆ ದಿನವೊಂದಕ್ಕೆ 15,000 ಯೂರೋ ಬೇರೆ. 2022ರಲ್ಲಿ, ನಡೆದುಹೋದ ಕೆಲಸಕ್ಕೆ ಕೇಳಿದ ಅನುಮತಿಯೂ ದೊರೆಯದೆ, ಯಂತ್ರಗಳನ್ನು ಶಾಶ್ವತವಾಗಿ ನಿಲ್ಲಿಸುವ ನಿರ್ಧಾರವಾಯಿತು.

ನಮ್ಮ ದೇಶದಲ್ಲಿಯೂ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ತಿನ ಹೆಸರಿರಲಿಲ್ಲ. ಹೊಗೆಯಿಲ್ಲದುದರಿಂದ ಕೇಡೂ ಇಲ್ಲವೆಂಬ ಭಾವನೆ ಸಹಜವೇ. ಆದರೆ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು 2011ರ ತನ್ನ ವರದಿಯಲ್ಲಿ, ಮಹಾರಾಷ್ಟ್ರದ ಭೀಮಾಶಂಕರದ ಬಳಿಯ ಗಾಳಿಯಂತ್ರಗಳಿಗಾಗಿ ಕಡಿದ ರಸ್ತೆಗಳಿಂದ ಮಣ್ಣು ಕೊಚ್ಚಿಹೋಗಿ ಹೊಲಗಳಿಗೂ ಜಲಾಶಯಗಳಿಗೂ ಕಲ್ಲುಮಣ್ಣು ಬೀಳುತ್ತಿರುವುದನ್ನು ಎತ್ತಿ ತೋರಿಸಿತು. ಅಲ್ಲಿ ಪೀಟ್ ಇರಲಿಲ್ಲ. ಸಹ್ಯಾದ್ರಿಯ ಇಳಿಜಾರು ಮತ್ತು ಮುಂಗಾರಿನ ಮಳೆ, ಇವೆರಡೇ ಸಾಕಾಗಿದ್ದುವು.

ಗಾಳಿ ವಿದ್ಯುತ್ತು ಬೇಡವೆಂಬ ಮಾತಿದಲ್ಲ. ಕಲ್ಲಿದ್ದಲಿನ ಹೊಗೆಯನ್ನು ಕಂಡವರು ಹಾಗೆ ಹೇಳಲಾರರು. ಆದರೆ ಹೊಸ ಯಂತ್ರಗಳ ಸುದ್ದಿಯನ್ನು ಓದುವಾಗ ಎಷ್ಟು ಮೆಗಾವಾಟ್ ಎಂಬ ಪ್ರಶ್ನೆಯ ಜೊತೆಗೆ ಇನ್ನು ಮೂರನ್ನು ಸೇರಿಸಿಕೊಳ್ಳೋಣ: ದಾರಿ ಎಷ್ಟು ಉದ್ದ? ಅಗೆದ ಮಣ್ಣು ಎಲ್ಲಿಗೆ? ಮಳೆಯ ನೀರು ಯಾವ ಕಡೆಗೆ? ನಾವು ಬೆಟ್ಟವನ್ನು ದೂರದಿಂದ ನೋಡುವವರು. ಉತ್ತರಕ್ಕಾಗಿ ಎಷ್ಟು ದಿನವಾದರೂ ಕಾಯಬಲ್ಲೆವು. ಬೆಟ್ಟದ ಬುಡದಲ್ಲಿ ಹೊಲವಿರುವ ರೈತನಿಗೆ ಮಾತ್ರ ಅದು ಮಳೆಗಾಲಕ್ಕೆ ಮೊದಲೇ ದೊರೆಯಬೇಕು.